ಬರೆಸಿದ್ದು ಮಾತ್ರ ಉಳಿಯುತ್ತದೆ

ರಾಜ್ಯದ ಒಂದು ವಿಶ್ವವಿದ್ಯಾಲಯದ ಸಿಂಡಿಕೇಟ್‌ಗೆ ನನ್ನ ನಾಮನಿರ್ದೇಶನವಾದಾಗ ಹಿರಿಯ ಸದಸ್ಯರೊಬ್ಬರು, "ಮುಖ್ಯ ಕಾರ್ಯಸೂಚಿ ಓದಿಕೊಂಡು ಬಂದರೆ ಸಾಲದು, ಪೂರಕ ಕಾರ್ಯಸೂಚಿಗೆ ಕಾಯಿರಿ" ಎಂದಿದ್ದರು. ಅದರ ಅರ್ಥ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಮುಖ್ಯ ಕಾರ್ಯಸೂಚಿ ಸಭೆಗೆ ಸಾಕಷ್ಟು ಮೊದಲೇ ಮನೆಗೆ ಬರುತ್ತಿತ್ತು. ಅದರಲ್ಲಿ ಪಿಎಚ್.ಡಿ. ಪದವಿ, ಕಾಲೇಜುಗಳ ಸಂಯೋಜನೆ ನವೀಕರಣ, ನಿವೃತ್ತರ ರಜೆ ನಗದೀಕರಣದಂಥ ವಿಷಯಗಳು. ಹಣದ ದೊಡ್ಡ ವಿಷಯಗಳು ಬರುತ್ತಿದ್ದುದು ಸಭೆಯ ಬೆಳಿಗ್ಗೆ ಮೇಜಿನ ಮೇಲಿಡುವ ಪೂರಕ ಕಾರ್ಯಸೂಚಿಯಲ್ಲಿ, ಇಲ್ಲವೇ ಕೊನೆಯ 'ಕುಲಪತಿಗಳ ಅನುಮತಿಯೊಂದಿಗೆ ಇತರ ವಿಷಯಗಳು' ಎಂಬ ಸಾಲಿನಡಿ. ಅವುಗಳಲ್ಲಿ ಬಹುಪಾಲು ಘಟನೋತ್ತರ ಅನುಮೋದನೆಗೆ ಬಂದವು. ಅಂದರೆ ಕೆಲಸ ಮುಗಿದಿದೆ, ಬಿಲ್ಲು ಪಾವತಿಯಾಗಿದೆ, ಇನ್ನು ಸಿಂಡಿಕೇಟ್ ಒಪ್ಪಿಗೆಯೊಂದೇ ಬಾಕಿ. ತುರ್ತಿನಲ್ಲಿ ತಾವೇ ನಿರ್ಧರಿಸಿ ಆಮೇಲೆ ಸಭೆಗೆ ತಿಳಿಸುವ ಅಧಿಕಾರವನ್ನು ಕಾನೂನು ಕುಲಪತಿಗೆ ಕೊಟ್ಟಿದೆ. ಮಳೆ ಹೆಚ್ಚಾಗಿ ಪರೀಕ್ಷೆ ಮುಂದೂಡಬೇಕಾದಾಗ ಆ ಅಧಿಕಾರ ಬೇಕೇ ಬೇಕು. ಸಭಾಂಗಣಕ್ಕೆ ಹೊಸ ಕುರ್ಚಿ ತರಿಸಲು ಬೇಕಿಲ್ಲ.

ಕಾವಲಿಗೇನೂ ಕೊರತೆ ಇಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರಲ್ಲಿ ಹಣಕಾಸು ಸಮಿತಿ ಇದೆ, ಹಣಕಾಸು ಅಧಿಕಾರಿ ಇದ್ದಾರೆ, ಮೇಲೆ ಕುಲಾಧಿಪತಿಯಾಗಿ ರಾಜ್ಯಪಾಲರಿದ್ದಾರೆ. ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಪ್ರತಿವರ್ಷ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಬಂದು ಕುಳಿತು ಬಿಲ್ಲುಗಳನ್ನು ಜಾಲಾಡುತ್ತಾರೆ. ಅವರ ವರದಿಯನ್ನು ನಾನು ಹಿಂದಿನಿಂದ ಓದುವುದನ್ನು ರೂಢಿ ಮಾಡಿಕೊಂಡೆ. ಈ ವರ್ಷದ ಆಕ್ಷೇಪಣೆಗಿಂತ ಹಳೆಯ ವರ್ಷಗಳ ಬಾಕಿ ಕಂಡಿಕೆಗಳೇ ಹೆಚ್ಚು ಹೇಳುತ್ತವೆ. ಕುಲಪತಿಯ ಅವಧಿ ನಾಲ್ಕು ವರ್ಷ. ಆಕ್ಷೇಪಣೆಯ ಆಯುಷ್ಯ ಅದಕ್ಕಿಂತ ಎಷ್ಟೋ ಹೆಚ್ಚು. ಬಂದವರೆಲ್ಲ "ಇದು ನನ್ನ ಕಾಲದ್ದಲ್ಲ" ಎನ್ನುತ್ತಾರೆ. ಆ ಮಾತು ನಿಜವೇ. ಆದರೆ ಅನುಪಾಲನಾ ವರದಿ ಕಳಿಸಬೇಕಾದ ಕುರ್ಚಿ ಮಾತ್ರ ಅದೇ ಇರುತ್ತದೆ.

ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿದ್ಯಾರ್ಥಿನಿಯರ ಹಾಸ್ಟೆಲ್ ದುರಸ್ತಿಯ ಬಿಲ್ಲು ಘಟನೋತ್ತರ ಅನುಮೋದನೆಗೆ ಬಂದಿತ್ತು. ಹಣ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯದು. 2013ರ ಕಾಯ್ದೆಯ ಪ್ರಕಾರ ಈ ಹಣದ ಪ್ರಯೋಜನ ಆ ಸಮುದಾಯಗಳ ಮಕ್ಕಳಿಗೇ ತಲುಪಬೇಕು. ಸಾಮಾನ್ಯ ಕಾಮಗಾರಿಗಳ ಖರ್ಚನ್ನೂ ಇದರ ಲೆಕ್ಕಕ್ಕೆ ಹಚ್ಚಲು ದಾರಿ ಮಾಡಿಕೊಟ್ಟಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದುಹಾಕಲಾಗಿದೆ. ಸಭೆಯ ಹಿಂದಿನ ಸಂಜೆ ಕಚೇರಿಯ ನೌಕರರೊಬ್ಬರು ಫೋನ್ ಮಾಡಿ, "ಸರ್, ಎಂ.ಬಿ. ಒಂದ್ಸಲ ತರಿಸಿ ನೋಡಿ. ನಾನು ಹೇಳ್ದೆ ಅನ್ಬೇಡಿ" ಎಂದರು.

ಎಂ.ಬಿ. ಎಂದರೆ ಕಾಮಗಾರಿಯ ಅಳತೆ ಪುಸ್ತಕ. ಎಂಜಿನಿಯರ್ ಸ್ಥಳದಲ್ಲೇ ಅಳೆದು ಬರೆಯಬೇಕಾದದ್ದು. ಬಿಲ್ಲು ಹುಟ್ಟುವುದೇ ಅದರಿಂದ. ಸ್ನಾನಗೃಹಗಳ ಬಾಗಿಲುಗಳನ್ನೆಲ್ಲ ಚೌಕಟ್ಟು ಸಮೇತ ಬದಲಿಸಿ ಪಿವಿಸಿ ಬಾಗಿಲು ಹಾಕಿದೆ, ಅಲ್ಯೂಮಿನಿಯಂ ಚಿಲಕ ಜೋಡಿಸಿದೆ ಎಂದು ಅದರಲ್ಲಿತ್ತು. ವಾರ್ಡನ್ ಮೇಡಂ ಜೊತೆ ಹೋಗಿ ನೋಡಿದರೆ ಹಳೆಯ ಮರದ ಬಾಗಿಲುಗಳೇ ನಿಂತಿದ್ದವು. ಕೆಳಭಾಗ ನೀರು ಕುಡಿದು ಊದಿಕೊಂಡಿತ್ತು. ತುಕ್ಕು ಹಿಡಿದ ಕೀಲುಗಳ ಮೇಲೇ ಬಣ್ಣ ಬಳಿದಿದ್ದರು. ಒಬ್ಬ ಹುಡುಗಿ, "ಸರ್, ಚಿಲಕ ಹಾಕೋಕಾಗಲ್ಲ. ಒಬ್ಬರು ಸ್ನಾನಕ್ಕೆ ಹೋದ್ರೆ ಇನ್ನೊಬ್ಬರು ಹೊರಗೆ ನಿಂತು ಕಾಯ್ತೀವಿ" ಎಂದಳು. ವಾರ್ಡನ್ ಇದನ್ನು ಪತ್ರ ಬರೆದು ತಿಳಿಸಿದ್ದರು. ಆ ಪತ್ರ ಕಡತದಲ್ಲಿ ಇರಲಿಲ್ಲ.

ಸಭೆಯಲ್ಲಿ ನಾನು ಯಾರ ಪ್ರಾಮಾಣಿಕತೆಯ ಮಾತನ್ನೂ ಎತ್ತಲಿಲ್ಲ. ಹಾಗೆ ಎತ್ತಿದರೆ ಚರ್ಚೆಯೆಲ್ಲ ಮರ್ಯಾದೆಯ ಸುತ್ತ ತಿರುಗಿ, ಬಾಗಿಲು ಮರೆತುಹೋಗುತ್ತದೆ. ಅಳತೆ ಪುಸ್ತಕದ ಪುಟ ಮತ್ತು ಹಾಸ್ಟೆಲಿನ ಫೋಟೊಗಳನ್ನು ಅಕ್ಕಪಕ್ಕ ಇಟ್ಟೆ. ಆದರೂ ಮುಂದಿನ ಸಭೆಗೆ ಬಂದ ನಡವಳಿಯಲ್ಲಿ 'ಚರ್ಚಿಸಿ ಅನುಮೋದಿಸಲಾಯಿತು' ಎಂದಷ್ಟೇ ಇತ್ತು. ಹಿಂದಿನ ಸಭೆಯ ನಡವಳಿ ದೃಢೀಕರಣ ಎಂದರೆ ಚಹಾ ಬರುವ ಹೊತ್ತಿಗೆ ಮುಗಿಯುವ ಕಲಾಪ. ನನ್ನ ಅನುಭವದಲ್ಲಿ ಇಡೀ ಸಭೆಯಲ್ಲಿ ಅತಿ ಎಚ್ಚರದಿಂದ ಇರಬೇಕಾದ ಗಳಿಗೆ ಅದೇ. ಲಿಖಿತ ಭಿನ್ನಾಭಿಪ್ರಾಯ ಟಿಪ್ಪಣಿ ಕೊಟ್ಟು, ಅದನ್ನು ನಡವಳಿಯ ಭಾಗವಾಗಿಯೇ ಸೇರಿಸಬೇಕೆಂದು ಪಟ್ಟು ಹಿಡಿದೆ. ಇನ್ನಿಬ್ಬರು ಸದಸ್ಯರು ಜೊತೆಗೆ ಸಹಿ ಹಾಕಿದರು. ಮರುವರ್ಷದ ಲೆಕ್ಕಪರಿಶೋಧಕರು ಆ ಟಿಪ್ಪಣಿ ಹಿಡಿದೇ ಕಡತ ಕೇಳಿದರು. ಗುತ್ತಿಗೆದಾರರ ಭದ್ರತಾ ಠೇವಣಿ ತಡೆಹಿಡಿದ ಮೇಲೆ ಬಾಗಿಲುಗಳು ಬಂದವು. ಅಳತೆಗೆ ಸಹಿ ಹಾಕಿದವರ ಮೇಲಿನ ವಿಚಾರಣೆ ಇನ್ನೂ ಮುಗಿದಿಲ್ಲ.

ಫೋನ್ ಮಾಡಿದ ನೌಕರರ ಹೆಸರನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ಇಂಥವರು ಪ್ರತಿ ಶಾಖೆಯಲ್ಲೂ ಇದ್ದಾರೆ. ಅವರ ಬಾಯಿಂದ ಬಂದದ್ದನ್ನು ಕಾಗದದಿಂದ ರುಜುವಾತು ಮಾಡುವುದು ನಮ್ಮ ಕೆಲಸ. ಅವರನ್ನು ಸಾಕ್ಷಿಯಾಗಿ ಮುಂದೆ ತರಬಾರದು.

ಅವಧಿ ಮುಗಿದ ಮೇಲೆ ಮಾಹಿತಿ ಹಕ್ಕಿನ ದಾರಿ ಹಿಡಿದೆ. ಸದಸ್ಯನಾಗಿದ್ದಾಗ ಕೈಗೆ ಸಿಗದ ಒಂದು ಕಡತ ಹತ್ತು ರೂಪಾಯಿ ಶುಲ್ಕದ ಅರ್ಜಿಗೆ ಸಿಕ್ಕಿತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಹಾಗಾಗಿ 'ಟೆಂಡರ್ ಏಕೆ ಕರೆಯಲಿಲ್ಲ?' ಎಂದು ಕೇಳಿ ಪದ ಪೋಲು ಮಾಡಬಾರದು. ಕಾರಣ ಕೇಳುವುದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. 'ಇಂಥ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು' ಎಂದು ಕೇಳಬೇಕು. ಹಣಕಾಸು ಅಧಿಕಾರಿ ಬರೆದ ಆಕ್ಷೇಪ, ಅದನ್ನು ಬದಿಗಿಟ್ಟು ಮೇಲಿನವರು ಹಾಕಿದ ಸಹಿ ಎರಡೂ ಆ ಹಾಳೆಗಳಲ್ಲೇ ಇರುತ್ತವೆ. 30 ದಿನ ದಾಟಿದರೆ ನಕಲು ಉಚಿತವಾಗಿ ಕೊಡಬೇಕು ಎಂಬುದೂ ಕಾಯ್ದೆಯಲ್ಲೇ ಇದೆ.

ಹೀಗೆ ಕೇಳುವುದರಿಂದ ವಿಶ್ವವಿದ್ಯಾಲಯದ ಸ್ವಾಯತ್ತತೆಗೆ ಧಕ್ಕೆ ಎಂದು ಅಧ್ಯಾಪಕ ಮಿತ್ರರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2013-14ರಿಂದಾಚೆಗೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ವ್ಯಾಪ್ತಿ ಮೀರಿ ಹೊರರಾಜ್ಯಗಳಲ್ಲಿ ಕೋರ್ಸು ನಡೆಸಿದ್ದು ಅದರ ಹಿಂದಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ. ಆ ನಡುವೆ ಅಂಕಪಟ್ಟಿ ಹಿಡಿದು ಅಲೆದವರು ಆ ನಿರ್ಧಾರಗಳಿಗೆ ಎಲ್ಲೂ ಸಹಿ ಹಾಕಿರಲಿಲ್ಲ. ಒಳಗಿನವರು ಕೇಳದೆ ಬಿಟ್ಟರೆ ಹೊರಗಿನವರು ಬಂದು ಬೀಗ ಹಾಕುತ್ತಾರೆ; ಆಗ ಸ್ವಾಯತ್ತತೆಯೂ ಉಳಿಯುವುದಿಲ್ಲ, ವಿದ್ಯಾರ್ಥಿಯೂ ಉಳಿಯುವುದಿಲ್ಲ.

ಈಚೆಗೆ ಸಿಂಡಿಕೇಟ್‌ಗೆ ಹೋಗುವ ಹೊಸಬರು ಆಗಾಗ ಫೋನ್ ಮಾಡುತ್ತಾರೆ. ಮೊದಲ ಸಭೆಗೆ ಮುಂಚೆಯೇ ಮೂರು ಕಾಗದಗಳನ್ನು ಕುಲಸಚಿವರಿಗೆ ಪತ್ರ ಬರೆದು ತರಿಸಿಕೊಳ್ಳಿ ಎನ್ನುತ್ತೇನೆ: ಬಾಕಿ ಇರುವ ಲೆಕ್ಕಪರಿಶೋಧನಾ ಕಂಡಿಕೆಗಳ ಪಟ್ಟಿ, ಕಳೆದ ವರ್ಷ ಘಟನೋತ್ತರವಾಗಿ ಅನುಮೋದಿಸಿದ ವೆಚ್ಚಗಳ ಪಟ್ಟಿ, ಅವಧಿಗೆ ಮುನ್ನ ಮುರಿದ ನಿಶ್ಚಿತ ಠೇವಣಿಗಳ ವಿವರ. ಅತಿಥಿ ಉಪನ್ಯಾಸಕರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲದಿರುವಾಗ ಆ ಠೇವಣಿಯ ಹಣ ಎಲ್ಲಿಗೆ ಹೋಯಿತೆಂದು ಮೂರನೆಯ ಕಾಗದ ತೋರಿಸುತ್ತದೆ. ಕಚೇರಿಯವರು ಅದನ್ನು ಕೊಡಲು ತಡಮಾಡುವುದೂ ಅದಕ್ಕೇ. ಬರದಿದ್ದರೆ ನಿಮ್ಮ ಪತ್ರದ ದಿನಾಂಕ, ಸ್ವೀಕೃತಿ ಸಂಖ್ಯೆ ಸಮೇತ ಮೊದಲ ಸಭೆಯ ನಡವಳಿಯಲ್ಲೇ ಬರೆಸಿ ಎನ್ನುತ್ತೇನೆ.