ಆಟದ ಗುರುವಾಗಿ ರಾಹುಲ್ ದ್ರಾವಿಡ್

ಅಮೇರಿಕೆಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್ ತರಬೇತುದಾರನ ಸಂಬಳವು ಆ ಸಂಸ್ಥೆಯ ಅಧ್ಯಕ್ಷರದಕ್ಕಿಂತಲೂ ಮಿಗಿಲು. ಗೆದ್ದ ಪಂದ್ಯಗಳ ಎಣಿಕೆಯೇ ಅಲ್ಲಿ ಅವನ ಯೋಗ್ಯತೆಯ ಅಳತೆಗೋಲು. ಈ ನಾಡಿನ ವ್ಯಾಯಾಮ ಶಿಕ್ಷಕನಿಗೆ ಅಂತಹ ಐಶ್ವರ್ಯವಿಲ್ಲ. ಆದರೆ ಫಲಕದ ಹಂಬಲದಿಂದ ಬಲ್ಲವರನ್ನೇ ಆಡಿಸಬೇಕೋ, ಕಲಿಯುವವನಿಗೂ ಸರದಿ ಕೊಡಬೇಕೋ ಎಂಬ ಪ್ರಶ್ನೆಗೆ ಅಂಬ್ಲಿಗೊಳದಂತಹ ಊರಿನ ಶಾಲಾ ಮೈದಾನವೂ ಹೊರತಲ್ಲ. ಈ ಪ್ರಶ್ನೆಗೆ ಕನ್ನಡನಾಡಿನ ಕ್ರೀಡಾಪಟುವೊಬ್ಬರು ಕೊಟ್ಟ ಉತ್ತರ ಪರಿಶೀಲನಾರ್ಹವಾದುದು.

ಬೆಂಗಳೂರಿನ ರಾಹುಲ್ ದ್ರಾವಿಡ್ ಅವರ ಆಟ ಲೋಕವಿದಿತ: 164 ಟೆಸ್ಟ್ ಪಂದ್ಯಗಳು, 13,288 ರನ್ನುಗಳು, 2012ರಲ್ಲಿ ನಿವೃತ್ತಿ. ಶಿಕ್ಷಕರ ಗಮನಕ್ಕೆ ಹೆಚ್ಚು ಅರ್ಹವಾದುದು ಅವರ ಎರಡನೆಯ ವೃತ್ತಿ. 2015ರಲ್ಲಿ ಅವರು ಭಾರತ 'ಎ' ತಂಡದ ಹಾಗೂ 19 ವರ್ಷದೊಳಗಿನವರ ತಂಡದ ಹೊಣೆ ಹೊತ್ತರು. ಪ್ರವಾಸ ಹೊರಟ ಪ್ರತಿಯೊಬ್ಬ ಹುಡುಗನಿಗೂ ಆಡುವ ಅವಕಾಶ ದೊರೆಯಬೇಕೆಂಬುದು ಅವರ ನೇಮವಾಗಿತ್ತು. ವರ್ಷವಿಡೀ ದುಡಿದು ತಂಡ ಸೇರಿದವನು ಬೆಂಚಿನ ಮೇಲೆಯೇ ಕುಳಿತು ಮರಳಿದರೆ, ಆಯ್ಕೆಗಾರರ ಕಣ್ಣಿಗೆ ಬೀಳಲು ಮತ್ತೆ ಮೊದಲಿನಿಂದಲೇ ತೊಡಗಬೇಕಾಗುವ ಸಂಕಟವನ್ನು ಅವರು ಬಲ್ಲವರಾಗಿದ್ದರು. ಒಬ್ಬನು ಕಿರಿಯರ ವಿಶ್ವಕಪ್ಪನ್ನು ಒಮ್ಮೆ ಮಾತ್ರ ಆಡಬೇಕೆಂಬ ನಿಯಮಕ್ಕೂ ಅವರ ಒತ್ತಾಸೆಯಿತ್ತು. ನುರಿತವರನ್ನು ತಾವಾಗಿಯೇ ಬಿಟ್ಟುಕೊಡುವ ಈ ಕ್ರಮ, ಗೆಲುವನ್ನೇ ಎಣಿಸುವವನಿಗೆ ನಷ್ಟದ ವ್ಯಾಪಾರವೇ ಸರಿ. 2016ರ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸಿನ ಎದುರು ಸೋಲಾಯಿತು. 2018ರಲ್ಲಿ ಹೊಸ ಹುಡುಗರ ತಂಡವು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯವನ್ನು ಎಂಟು ವಿಕೆಟ್ಟುಗಳಿಂದ ಮಣಿಸಿತು.

ಆ ಗೆಲುವಿಗೆ ಕ್ರಿಕೆಟ್ ಮಂಡಳಿಯು ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಸಮನಾಗಿ ದುಡಿದವರಲ್ಲಿ ಈ ಭೇದ ಸಲ್ಲದೆಂದು ದ್ರಾವಿಡರು ಆಕ್ಷೇಪಿಸಿದರು. ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷವೆಂದು ನಿಶ್ಚಯವಾಯಿತು. ಸಿದ್ಧತೆಯ ಕಾಲದಲ್ಲಿ ದುಡಿದು 2017ರಲ್ಲಿ ತೀರಿಕೊಂಡ ದೈಹಿಕ ತರಬೇತುದಾರರೊಬ್ಬರ ಕುಟುಂಬಕ್ಕೂ ಪಾಲು ಸಂದಿತು. ತಮ್ಮ ಪಾಲಿನಲ್ಲಿ ಅರ್ಧವನ್ನು ಇಳಿಸಿಕೊಳ್ಳಲು ವಾದಿಸುವವರು ಅಪರೂಪ!

ಇದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯವು ನೀಡಬಯಸಿದ ಗೌರವ ಡಾಕ್ಟರೇಟನ್ನೂ ಅವರು ವಿನಯದಿಂದ ನಿರಾಕರಿಸಿದ್ದರು. ಕ್ರೀಡಾಕ್ಷೇತ್ರದಲ್ಲಿ ಸಂಶೋಧನೆ ನಡೆಸಿಯೇ ಪದವಿ ಗಳಿಸುವ ಇಚ್ಛೆ ಅವರದು. ತಾಯಿ ಪುಷ್ಪಾ ಅವರು ವಾಸ್ತುಶಿಲ್ಪದ ಪ್ರಾಧ್ಯಾಪಕಿಯಾಗಿದ್ದವರೆಂಬುದನ್ನು ಇಲ್ಲಿ ನೆನೆಯಬಹುದು.

2019ರಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾಗಿದ್ದು, 2021ರ ನವೆಂಬರಿನಲ್ಲಿ ಅವರು ಹಿರಿಯರ ತಂಡದ ತರಬೇತುದಾರರಾದರು. 2023ರ ವಿಶ್ವಕಪ್ಪಿನಲ್ಲಿ ಸತತ ಹತ್ತು ಪಂದ್ಯ ಗೆದ್ದ ತಂಡ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಸೋತಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕವನ್ನು ಏಳು ರನ್ನುಗಳಿಂದ ಸೋಲಿಸಿ ಟಿ-20 ವಿಶ್ವಕಪ್ಪನ್ನು ಗೆದ್ದಿತು. ದ್ರಾವಿಡರು ಆಟಗಾರರಾಗಿ ವಿಶ್ವಕಪ್ಪನ್ನು ಎಂದೂ ಗೆದ್ದಿರಲಿಲ್ಲ. ಅವರು ನಾಯಕರಾಗಿದ್ದ 2007ರಲ್ಲಿ ಇದೇ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ತಂಡವು ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತ್ತು. ಬಹುಮಾನದ ಹಂಚಿಕೆಯಲ್ಲಿ ಅವರಿಗೆ ಐದು ಕೋಟಿ, ಉಳಿದ ತರಬೇತುದಾರರಿಗೆ ತಲಾ ಎರಡೂವರೆ ಕೋಟಿ ಎಂದಾಗ, ತಮಗೂ ಎರಡೂವರೆ ಕೋಟಿಯೇ ಸಾಕೆಂದು ತಿಳಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು.