ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ



ಕಂಪ್ಯೂಟರಿನಲ್ಲಿ ಆಟ ಆಡುವಾಗ ಚಿತ್ರ ತಡೆದು ತಡೆದು ಓಡುವುದನ್ನು ನೀವು ನೋಡಿರಬಹುದು. ಕೂಡಲೇ ಎಲ್ಲರೂ "ಗ್ರಾಫಿಕ್ಸ್ ಕಾರ್ಡ್ ಹಾಕ್ಸು" ಅಂತಾರೆ. ಆದರೆ ಎಲ್ಲಾ ಕಾರ್ಡ್ ಎಲ್ಲಾ ಕಂಪ್ಯೂಟರಿಗೂ ಹೊಂದುವುದಿಲ್ಲ. ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು ಎಂಬುದನ್ನು ಈಗ ತಿಳಿಯೋಣ.

ಕಾರ್ಡಿನ ಕೆಲಸವೇನು?

ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿದೆ. ಒಂದು ಸಾಲಿಗೆ 1920 ಚುಕ್ಕಿಯಂತೆ 1080 ಸಾಲು ಇದ್ದರೆ ಒಟ್ಟು 20,73,600. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ 12,44,16,000 ಚುಕ್ಕಿಗಳ ಬಣ್ಣ ಲೆಕ್ಕ ಹಾಕಬೇಕು! ಪ್ರೊಸೆಸರ್ ಎಂದರೆ ಕಷ್ಟದ ಲೆಕ್ಕ ಬಿಡಿಸುವ ನಾಲ್ಕೈದು ಜನ ಮೇಷ್ಟ್ರು ಇದ್ದ ಹಾಗೆ. ಗ್ರಾಫಿಕ್ಸ್ ಕಾರ್ಡ್ ಎಂದರೆ ಸುಲಭದ ಲೆಕ್ಕಗಳನ್ನು ಒಟ್ಟಿಗೇ ಮಾಡುವ ಮಕ್ಕಳ ಗುಂಪು. 2019ರಲ್ಲಿ ಬಂದ ಎನ್ವಿಡಿಯಾ ಜಿಟಿಎಕ್ಸ್ 1650 ಕಾರ್ಡಿನಲ್ಲಿ ಇಂಥ 896 "ಮಕ್ಕಳು" ಇದ್ದಾರೆ.

ನೋಡಬೇಕಾದ ನಾಲ್ಕು ವಿಷಯಗಳು

ನಮ್ಮ ದೊಡ್ಡಪ್ಪನ ಮಗ ಬೆಳಿಗ್ಗೆ ಮನೆ ಮನೆಗೆ ಪೇಪರ್ ಹಾಕಿ ಕೂಡಿಟ್ಟ ದುಡ್ಡಲ್ಲಿ ಆಫೀಸಿನವರು ಮಾರಿದ ಹಳೇ ಕಂಪ್ಯೂಟರ್ ತಂದಿದ್ದಾನೆ. ಹೊಂದದ ಕಾರ್ಡ್ ತಂದರೆ ಅವನ ಎಷ್ಟೋ ತಿಂಗಳ ದುಡಿಮೆ ನೀರುಪಾಲು. ಅದಕ್ಕೇ ಅಣ್ಣನೂ ನಾನೂ ಕೂತು ಹೀಗೆ ಪಟ್ಟಿ ಮಾಡಿದೆವು.

1. ಸ್ಲಾಟ್: ಮದರ್‌ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಉದ್ದನೆಯ ಸ್ಲಾಟ್ ಖಾಲಿ ಇರಬೇಕು.

2. ಕರೆಂಟು: ಈ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಬರಬೇಕು. ಅಣ್ಣನ ಎಸ್‌ಎಂಪಿಎಸ್ ಮೇಲೆ 240 ವ್ಯಾಟ್ ಅಂತ ಬರೆದಿದೆ. ಪ್ರೊಸೆಸರಿಗೆ 65, ಕಾರ್ಡಿಗೆ 75, ಉಳಿದದ್ದಕ್ಕೆ ಸುಮಾರು 45. ಒಟ್ಟು 185. ಪರವಾಗಿಲ್ಲ, ಸಾಕು. ಆದರೆ ಬೇರೆ ವೈರು ಇಲ್ಲ. ಜಿಟಿಎಕ್ಸ್ 1650ರಲ್ಲಿ ಕೆಲವಕ್ಕೆ ಆ ವೈರು ಬೇಕು, ಕೆಲವಕ್ಕೆ ಬೇಡ. ನೋಡಿಯೇ ತರಬೇಕು.

3. ಅಳತೆ: ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇಟ್ಟು ಕ್ಯಾಬಿನೆಟ್ಟಿನ ಒಳಗೆ ಎಷ್ಟು ಸೆಂ.ಮೀ. ಜಾಗ ಇದೆ ಎಂದು ಅಳೆಯಿರಿ. ತೆಳ್ಳಗಿನ ಕ್ಯಾಬಿನೆಟ್ಟಿಗೆ ಅರ್ಧ ಎತ್ತರದ ಕಾರ್ಡೇ ಬೇಕು.

4. ಜೋಡಿ: ಪ್ರೊಸೆಸರ್ ತೀರಾ ಹಳೆಯದಾದರೆ ಕಾರ್ಡ್ ಸುಮ್ಮನೆ ಕಾಯುತ್ತಾ ಕೂರುತ್ತದೆ. ಒಂದು ಎತ್ತು ಓಡಿ ಇನ್ನೊಂದು ಕುಂಟಿದರೆ ಗಾಡಿ ಮುಂದೆ ಹೋಗುತ್ತಾ?

ದುಡ್ಡಿಲ್ಲದ ಉಪಾಯ

ಮೊದಲು ಆಟದ ಸೆಟ್ಟಿಂಗಿನಲ್ಲಿ 1920×1080 ತೆಗೆದು 1280×720 ಇಟ್ಟು ನೋಡಿ. ಚುಕ್ಕಿಗಳು 9,21,600ಕ್ಕೆ ಇಳಿಯುತ್ತವೆ, ಅಂದರೆ ಅರ್ಧಕ್ಕಿಂತ ಕಡಿಮೆ. ಇಷ್ಟರಲ್ಲೇ ಆಟ ಸರಾಗವಾಗಿ ಓಡಿದರೆ ಕಾರ್ಡೇ ಬೇಡ!

ಕೊಳ್ಳುವುದು, ಕೂರಿಸುವುದು

ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಹೆಸರುವಾಸಿ. ಪಟ್ಟಿ ಹಿಡಿದು ದೊಡ್ಡವರ ಜೊತೆಯಲ್ಲೇ ಹೋಗಿ. ನಾಲ್ಕು ಅಂಗಡಿಯಲ್ಲಿ ವಿಚಾರಿಸಿ. ಸೆಕೆಂಡ್ ಹ್ಯಾಂಡ್ ಕಾರ್ಡಾದರೆ ಅಲ್ಲೇ ಓಡಿಸಿ ತೋರಿಸಿ ಎಂದು ಕೇಳಿ. ಬಿಲ್ಲು ಮರೆಯಬೇಡಿ.

ಕೂರಿಸುವ ಮೊದಲು ಪ್ಲಗ್ ಕೀಳಿ. ಕ್ಯಾಬಿನೆಟ್ಟಿನ ಬರೀ ಕಬ್ಬಿಣದ ಭಾಗ ಮುಟ್ಟಿ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಇಳಿಯುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಕೊನೆಗೆ, ಮಾನಿಟರಿನ ವೈರನ್ನು ಮದರ್‌ಬೋರ್ಡಿಗಲ್ಲ, ಹೊಸ ಕಾರ್ಡಿಗೇ ಚುಚ್ಚಬೇಕು. ಇಲ್ಲದಿದ್ದರೆ ಕಾರ್ಡ್ ಇದ್ದೂ ಇಲ್ಲದಂತೆ.

ಸ್ನೇಹಿತರೇ, ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಲೆಕ್ಕ ಜಾಸ್ತಿ ಹಾಕಬೇಕು.

ನಿಮಗೊಂದು ಪ್ರಶ್ನೆ: ಎಸ್‌ಎಂಪಿಎಸ್ 180 ವ್ಯಾಟಿನದು, ಉಳಿದೆಲ್ಲ ಅಣ್ಣನ ಕಂಪ್ಯೂಟರಿನಂತೆಯೇ. 75 ವ್ಯಾಟಿನ ಕಾರ್ಡ್ ಹಾಕಬಹುದೇ? ಕಾರಣ ಸಹಿತ ಉತ್ತರ ಬರೆದು ಕೊಡಿ.

– ಏಳನೇ ತರಗತಿ, ಜಕ್ಕೂರು