ತಲ್ವಾರಿನ ತೂಕ ಎಷ್ಟು?

ಟಿಪ್ಪು ಸುಲ್ತಾನರ ಕತ್ತಿ 40 ಕೆಜಿ ಇತ್ತು ಎಂದು ನಮ್ಮ ಮಾಮು ಹೇಳಿದರೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಲೆಕ್ಕ ಹಾಕಿ ನೋಡಿದೆ.

ಒಂದು ಘನ ಸೆಂ.ಮೀ. ಉಕ್ಕು ಸುಮಾರು 7.85 ಗ್ರಾಂ ತೂಗುತ್ತದೆ. ಅಲಗು 80 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪ ಇದೆ ಎಂದುಕೊಳ್ಳಿ. ತೂಕ 750 ಗ್ರಾಂ ಚಿಲ್ಲರೆ. ಹಿಡಿ ಸೇರಿಸಿದರೆ ಒಂದು ಕೆಜಿ ಆಸುಪಾಸು, ಅಂದರೆ ಅರ್ಧ ಲೀಟರಿನ ಎರಡು ನಂದಿನಿ ಹಾಲಿನ ಪ್ಯಾಕೆಟ್. ಅದೇ ಉದ್ದ, ಅದೇ ದಪ್ಪದಲ್ಲಿ 40 ಕೆಜಿ ಬರಬೇಕಾದರೆ ಅಲಗಿನ ಅಗಲ ಒಂದೂವರೆ ಮೀಟರ್ ದಾಟಬೇಕು. ಅದು ಕತ್ತಿಯಲ್ಲ, ಬಾಗಿಲು! ಯುರೋಪಿನ ಮಧ್ಯಯುಗದ ಒಂಟಿಕೈ ಕತ್ತಿಗಳೂ ಹೆಚ್ಚಾಗಿ ಒಂದು ಕೆಜಿಯ ಸುತ್ತಮುತ್ತಲೇ ಇದ್ದವು. ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿ ಸಾಮಾನ್ಯವಾಗಿ ಒಂದೂವರೆ ಕೆಜಿಯ ಆಸುಪಾಸು. ಗಂಟೆಗಟ್ಟಲೆ ಕುದುರೆ ಮೇಲೆ ಕುಳಿತು ಬೀಸಬೇಕಲ್ಲ.

ಇನ್ನು ಹರಿತ. ಗಾಳಿಯಲ್ಲಿ ಹಾರುವ ರೇಷ್ಮೆ ಬಟ್ಟೆ ತುಂಡಾಗುವುದು ಕಥೆಗಳಲ್ಲಿ ಚೆಂದ. ಬಕ್ರೀದ್ ಸಮಯದಲ್ಲಿ ಸಾಣೆ ಹಿಡಿಸುವವರಿಗೆ ವಿಷಯ ಗೊತ್ತು: ಮಾಂಸ ಕೊಯ್ಯುವ ಛುರಿಯ ಬಾಯಿ ತೆಳು, ಮೂಳೆ ಕಡಿಯುವ ಮಚ್ಚಿನ ಬಾಯಿ ದಪ್ಪ. ಛುರಿಯಿಂದ ಮೂಳೆ ಕಡಿದರೆ ಬಾಯಿ ಮುಕ್ಕಾಗುತ್ತದೆ. ಕತ್ತಿ ಎರಡೂ ಕೆಲಸ ಮಾಡಬೇಕು, ಅದಕ್ಕೇ ಅದರ ಬಾಯಿ ಇವೆರಡರ ನಡುವೆ. ತಲ್ವಾರಿನ ಬಾಗು ಹೊಡೆತವನ್ನು ಎಳೆದು ಕೊಯ್ಯುವಂತೆ ಮಾಡುತ್ತದೆ.

ನನಗೆ ನಿಜಕ್ಕೂ ಹೆಮ್ಮೆಯ ವಿಷಯ ತೂಕವಲ್ಲ, ಲೋಹ. ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿ ಕಟ್ಟಿಗೆ, ಎಲೆಗಳ ಜೊತೆ ಮುಚ್ಚಿ ಕಾಯಿಸಿದಾಗ ಇಂಗಾಲ ಸೇರಿ ಗಟ್ಟಿ ಉಕ್ಕಾಗುತ್ತಿತ್ತು. ಇಂಗಾಲ ಶೇ. 1ಕ್ಕಿಂತ ಹೆಚ್ಚಿದ್ದರಿಂದ ಹರಿತ ಬೇಗ ಹೋಗುತ್ತಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರುಗಳು ಸಿಕ್ಕಿವೆ. ಇಂಗ್ಲಿಷಿನವರು ಇದನ್ನು 'ವೂಟ್ಸ್' ಎಂದರು. ಅದು ನಮ್ಮ 'ಉಕ್ಕು' ಶಬ್ದದಿಂದಲೇ ಬಂತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮನೆಯಲ್ಲಿ ಫೌಲಾದ್ ಎನ್ನುವ ನಾನು ಈ ಕನ್ನಡ ಶಬ್ದವನ್ನು ಈಗ ಬೇರೆ ಕಿವಿಯಿಂದ ಕೇಳುತ್ತೇನೆ. 40 ಕೆಜಿ ಎಂದು ಹೊಗಳುವವರು ಆ ಕಮ್ಮಾರರ ಜಾಣತನವನ್ನೇ ಮರೆತುಬಿಡುತ್ತಾರೆ.

2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಅವರ ಒಂದು ಕತ್ತಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಕೆಜಿ ಲೆಕ್ಕದಲ್ಲಿ ಮಾರಿದ್ದಲ್ಲ ಎಂದು ಮಾಮುಗೆ ಹೇಳಿದ್ದೇನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕು ಯಾವುದಕ್ಕೆ ಬಳಕೆಯಾಗುತ್ತಿತ್ತೆಂದು ಬರೆದಿಟ್ಟಿದ್ದಾನೆ: ಕತ್ತಿಯ ಅಲಗು, ಕಲ್ಲುಕುಟಿಗರ ಉಳಿ, ಮತ್ತೆ ವಾದ್ಯಗಳ ತಂತಿ.